ತಾಲೀಮಿನ ಊರಿನಲ್ಲಿ ಫುಟ್‌ಬಾಲ್ ಶಾಲೆಗಳು

ಪುಣೆಯ ಹಳೆಯ ಪೇಠೆಗಳಲ್ಲಿ ಓಡಾಡಿದವರಿಗೆ 'ತಾಲೀಮ್' ಎಂಬ ಬೋರ್ಡು ಕಣ್ಣಿಗೆ ಬಿದ್ದೇ ಇರುತ್ತದೆ. ನಮ್ಮ ಕಡೆ ಗರಡಿಮನೆ ಅನ್ನುವುದನ್ನೇ ಇಲ್ಲಿ ತಾಲೀಮ್ ಅನ್ನುತ್ತಾರೆ. ಕೆಂಪು ಮಣ್ಣಿನ ಹೊಂಡ, ಗೋಡೆಯ ಮೇಲೆ ಮಾರುತಿ, ಮೂಲೆಯಲ್ಲಿ ಗದೆ, ಲೋಡು, ಅಷ್ಟೇ. ಮಾತು ಮೂಲದಲ್ಲಿ ಅರಬ್ಬಿಯದು. ಕಲಿಸುವುದು, ಶಿಕ್ಷಣ ಎಂದು ಅರ್ಥ. ಮರಾಠಿಯವರು ಅದನ್ನು ಕುಸ್ತಿಗೆ ಕೊಟ್ಟರು, ಹಿಂದೂಸ್ತಾನಿ ಗವಾಯಿಗಳು ಸಂಗೀತಕ್ಕೆ ಕೊಟ್ಟರು, ನಾವು ಕನ್ನಡಿಗರು ನಾಟಕಕ್ಕೆ ಕೊಟ್ಟೆವು. ಮೂರಕ್ಕೂ ಒಂದೇ ಲಕ್ಷಣ. ಮಾಡಿದ್ದನ್ನೇ ಮತ್ತೆ ಮಾಡುವುದು, ನೋಡುವವರು ಯಾರೂ ಇಲ್ಲದಾಗ ಮಾಡುವುದು.

ಈ ಊರಿನಲ್ಲಿ ಈಗ ಇನ್ನೊಂದು ಬಗೆಯ ತಾಲೀಮುಗಳು ಎದ್ದಿವೆ. ಬಾಣೇರ್, ಬಾಲೇವಾಡಿ, ವಾಕಡ್, ಖರಾಡಿ, ಹಡಪ್ಸರ್ ಎಲ್ಲಿ ಹೋದರೂ ಬಲೆ ಕಟ್ಟಿದ ಹಸಿರು ಪ್ಲಾಸ್ಟಿಕ್ ಹುಲ್ಲಿನ ಅಂಗಳ, ದೊಡ್ಡ ದೀಪ, ಬಣ್ಣದ ಜೆರ್ಸಿ ಹಾಕಿದ ಮಕ್ಕಳು, ಬಲೆಯ ಆಚೆ ಕುರ್ಚಿ ಹಾಕಿಕೊಂಡು ಕೂತ ಅಪ್ಪ-ಅಮ್ಮಂದಿರು. ಇವಕ್ಕೆ ಅಕಾಡೆಮಿ ಅಂತ ಹೆಸರು. ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಗಳಿಗೆ ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದ ನಮ್ಮ ಹುಡುಗರು ಈಗ ಅಪ್ಪಂದಿರಾಗಿದ್ದಾರೆ. ಆ ಕುರ್ಚಿಗಳಲ್ಲಿ ಕನ್ನಡ ಕೇಳಿಸುವುದೂ ಉಂಟು. ಅವರು ಪರಸ್ಪರ ಕೇಳಿಕೊಳ್ಳುವ ಪ್ರಶ್ನೆ ಒಂದೇ: "ಇಲ್ಲಿ ಕೋಚಿಂಗ್ ಚೊಲೋ ಐತೇನ್ರಿ?"

ಈ ಪ್ರಶ್ನೆಗೆ ಉತ್ತರ ಹುಡುಕುವುದು ಕಾಣುವಷ್ಟು ಸರಳವಲ್ಲ. ಇದಕ್ಕೆ ನೂರು ವರ್ಷದ ಇತಿಹಾಸವಿದೆ. ಆ ಇತಿಹಾಸದಲ್ಲಿ ಕನ್ನಡಿಗರ ಪಾಲೂ ಇದೆ.

*

ಹಿಂದಿನವರು ಗುರುವನ್ನು ಹೇಗೆ ಆರಿಸುತ್ತಿದ್ದರು? ಹೆಸರು ಕೇಳಿ. ವಸ್ತಾದನ ಕೈಯಲ್ಲಿ ತಯಾರಾದ ಪೈಲ್ವಾನ ಜಾತ್ರೆಯ ಕುಸ್ತಿಯಲ್ಲಿ ಗೆದ್ದರೆ, ಮರುವಾರ ಆ ತಾಲೀಮಿನ ಬಾಗಿಲಲ್ಲಿ ನಾಲ್ಕು ಜನ ಅಪ್ಪಂದಿರು ಮಕ್ಕಳ ಕೈ ಹಿಡಿದು ನಿಂತಿರುತ್ತಿದ್ದರು. ಸಂಗೀತದಲ್ಲೂ ಹಾಗೇ. ಗದಗಿನ ಶಾಲಾ ಮಾಸ್ತರು ಗುರುರಾಜ ಜೋಶಿಯವರ ಮಗ ಭೀಮಸೇನ 1933ರಲ್ಲಿ ಹನ್ನೊಂದನೆಯ ವಯಸ್ಸಿಗೆ ಮನೆಬಿಟ್ಟು ಗುರುವನ್ನು ಹುಡುಕುತ್ತ ಉತ್ತರ ಹಿಂದೂಸ್ತಾನವೆಲ್ಲ ಅಲೆದ. ಜಲಂಧರದವರೆಗೆ ಹೋದವನನ್ನು ಅಪ್ಪ ಕರೆದುಕೊಂಡು ಬಂದರು. ಕೊನೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಹತ್ತಿರ, 1936ರಲ್ಲಿ. ಮುಂದೆ ಅದೇ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿ, ಗುರುವಿನ ಹೆಸರಿನಲ್ಲಿ 1953ರಿಂದ ಸಂಗೀತೋತ್ಸವ ನಡೆಸಿದರು. ಪುಣೆಯ ಕನ್ನಡಿಗರು ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತೇವೆ. ನನಗೆ ಅದರಲ್ಲಿ ಹಿಡಿಸುವುದು ಬೇರೆ ಅಂಶ. ಆ ಅಪ್ಪನಿಗೆ ಮಗನ ಗುರುವನ್ನು ಅಳೆಯಲು ಯಾವ ಪಟ್ಟಿಯೂ ಇರಲಿಲ್ಲ. ಮೂರು ವರ್ಷ ಹೋಯಿತು. ಆದರೆ ಸವಾಯಿ ಗಂಧರ್ವರ ಹಾಡನ್ನು ಊರೆಲ್ಲ ಕೇಳಿತ್ತು. ಗುರುವಿನ ಕೆಲಸ ಕಣ್ಣೆದುರು, ಕಿವಿಯೆದುರು ಇತ್ತು.

ಕ್ರೀಡೆಗೆ ಅಳತೆಗೋಲು ಬೇಕು ಎಂಬ ಮಾತು ಶುರುವಾದದ್ದೂ ಇದೇ ಪುಣೆಯಲ್ಲಿ. 1906ರಲ್ಲಿ ಇಲ್ಲಿ ಡೆಕ್ಕನ್ ಜಿಮ್ಖಾನಾ ಹುಟ್ಟಿತು. ಮುಂದೆ ಸರ್ ದೋರಾಬ್ಜಿ ಟಾಟಾ ಅದರ ಅಧ್ಯಕ್ಷರಾದರು. ಅದರ ಓಟದ ಸ್ಪರ್ಧೆಗಳಲ್ಲಿ ಹಳ್ಳಿಯ ರೈತರ ಮಕ್ಕಳು ಬರಿಗಾಲಲ್ಲಿ ಓಡುವುದನ್ನು ನೋಡಿ, ಇವರನ್ನು ಒಲಿಂಪಿಕ್ಸ್‌ಗೆ ಯಾಕೆ ಕಳಿಸಬಾರದು ಅಂತ ಅವರಿಗೆ ಅನ್ನಿಸಿತು. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಆರು ಜನರ ಆಯ್ಕೆ ಪುಣೆಯ ಮೈದಾನದಲ್ಲೇ ಆಯಿತು. ನೂರು ಮೀಟರ್ ಓಟಕ್ಕೆ ಎಷ್ಟು ಹೊತ್ತು ಬೇಕಾದೀತು ಎಂದು ಕೇಳಿದಾಗ ಜಿಮ್ಖಾನಾದ ಹಿರಿಯರೊಬ್ಬರು "ಒಂದೆರಡು ನಿಮಿಷ" ಎಂದರಂತೆ. ಅದು ನಿಮಿಷದ ಲೆಕ್ಕವಲ್ಲ, ಸೆಕೆಂಡಿನ ಲೆಕ್ಕ ಅಂತ ಹೇಳಿದ ಮೇಲೆ ಬೆಚ್ಚಿದರಂತೆ. ಕ್ರೀಡಾ ಇತಿಹಾಸ ಬರೆಯುವವರಲ್ಲಿ ಈ ಪ್ರಸಂಗ ಪ್ರಚಲಿತವಾಗಿದೆ. ನಗುವ ಮಾತಲ್ಲ ಇದು. ಆ ಮನುಷ್ಯನಿಗೆ ಓಟದ ಪ್ರೀತಿ ಇತ್ತು, ಗಡಿಯಾರದ ಪರಿಚಯ ಇರಲಿಲ್ಲ, ಅಷ್ಟೇ.

ಆ ಆರು ಜನರಲ್ಲಿ ಒಬ್ಬರು ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಆಂಟ್ವರ್ಪ್‌ನ ಮ್ಯಾರಥಾನ್ ದಾರಿ 42.75 ಕಿಲೋಮೀಟರ್ ಇತ್ತು, ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ್ದು. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾಗಿ ಬಂದರು. ಅಂದರೆ ಕರ್ನಾಟಕದ ಹುಡುಗನೊಬ್ಬ ಪುಣೆಯಲ್ಲಿ ಆಯ್ಕೆಯಾಗಿ ಜಗತ್ತಿನ ಎದುರು ನಿಂತು ನೂರು ವರ್ಷ ದಾಟಿದೆ. ನಾಲ್ಕು ವರ್ಷದ ನಂತರ, 1924ರಲ್ಲಿ, ಕ್ಯಾಪ್ಟನ್ ಶಿವರಾಮಪಂತ ದಾಮ್ಲೆಯವರು ಇಲ್ಲಿ ಮಹಾರಾಷ್ಟ್ರೀಯ ಮಂಡಳ ಕಟ್ಟಿ, ವ್ಯಾಯಾಮವನ್ನು ಪೈಲ್ವಾನರ ಗಲ್ಲಿಯಿಂದ ಮಧ್ಯಮ ವರ್ಗದ ಮಕ್ಕಳ ಹತ್ತಿರ ತಂದರು.

*

ಫುಟ್‌ಬಾಲ್ ಮಾತ್ರ ಬೇರೆ ದಾರಿಯಿಂದ ಬಂತು. ಪುಣೆ ಕ್ಯಾಂಪ್, ಖಡಕಿ ಎರಡೂ ಇಂಗ್ಲಿಷರ ದಂಡಿನ ಜಾಗ. ಸೋಲ್ಜರುಗಳು ಆಡಿದ್ದನ್ನು ಸುತ್ತಲಿನ ಬಡ ಹುಡುಗರು ನೋಡಿ ಕಲಿತರು. ಬೆಂಗಳೂರಿನದೂ ಇದೇ ಕಥೆ. ದಂಡಿನ ಪ್ರದೇಶದ ಗೌತಮಪುರ, ಹಲಸೂರು ಕಡೆಯ ಹುಡುಗರು ಬರಿಗಾಲಲ್ಲಿ ಆಡಿ ದೇಶದ ತಂಡಕ್ಕೆ ಹೋದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2-1ರಲ್ಲಿ ಸೋತಿತು. ಆ ಒಂದು ಗೋಲು, ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು, ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ತಂಡ 1946-47, 1952-53, 1967-68, 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಅವರಿಗೆಲ್ಲ ಫೀಸು ಕಟ್ಟಿದವರು ಯಾರು? ಯಾರೂ ಇಲ್ಲ. ಕೋಚಿಂಗ್ ಚೊಲೋ ಐತೋ ಇಲ್ಲೋ ಅಂತ ಕೇಳಿದ ಅಪ್ಪನೂ ಇಲ್ಲ. ಬಹಳಷ್ಟು ಅಪ್ಪಂದಿರಿಗೆ ಮಗ ಆಡುತ್ತಾನೆಂಬುದೇ ಬೈಗುಳದ ವಿಷಯವಾಗಿದ್ದೀತು.

ಹಾಗಾದರೆ ಅಕಾಡೆಮಿ ಯಾಕೆ ಬೇಕು ಅಂತ ಕೆಲವರು ವಾದಿಸುತ್ತಾರೆ. ವಾದ ಅರ್ಧ ಸರಿ. ಗಲ್ಲಿಯಲ್ಲಿ ಮಗು ದಿನಕ್ಕೆ ನಾಲ್ಕು ತಾಸು ಚೆಂಡಿನ ಜೊತೆ ಇರುತ್ತಿತ್ತು. ಆ ಗಲ್ಲಿ ಈಗ ಪಾರ್ಕಿಂಗ್ ಆಗಿದೆ. ಇನ್ನರ್ಧ ಏನೆಂದರೆ, ಬೇರೆ ದೇಶಗಳು ಸುಮ್ಮನೆ ಕೂರಲಿಲ್ಲ. ಜರ್ಮನಿ 2000ದ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ತನ್ನ ಗುಂಪಿನ ತಳದಲ್ಲಿ ನಿಂತಿತು. ಆಮೇಲೆ ದೊಡ್ಡ ಕ್ಲಬ್ಬುಗಳೆಲ್ಲ ಕಿರಿಯರ ತರಬೇತಿ ಕೇಂದ್ರ ಇಡಲೇಬೇಕು ಎಂಬ ನಿಯಮ ತಂದಿತು. ಫಲ ಬಂದದ್ದು 2014ರ ವಿಶ್ವಕಪ್‌ನಲ್ಲಿ. ಹದಿನಾಲ್ಕು ವರ್ಷ! ಸುಮಾರು 3.3 ಲಕ್ಷ ಜನರ ಐಸ್‌ಲೆಂಡ್ ದೇಶ ಸಣ್ಣ ಮಕ್ಕಳಿಗೂ ಲೈಸೆನ್ಸ್ ಇರುವ, ಸಂಬಳ ಪಡೆಯುವ ಕೋಚುಗಳನ್ನೇ ಕೊಟ್ಟು, 2016ರಲ್ಲಿ ಇಂಗ್ಲೆಂಡನ್ನು ಸೋಲಿಸಿತು. ನಮ್ಮ ದೇಶದಲ್ಲಿ ಇದರ ಮೊದಲ ಗಟ್ಟಿ ಪ್ರಯತ್ನ 1987ರಲ್ಲಿ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ.

*

ಈಗ ಪುಣೆಯ ಕಥೆ. ಕರ್ನಾಟಕದ ಓದುಗರಿಗೆ ಇದು ಅಷ್ಟಾಗಿ ಗೊತ್ತಿರಲಾರದು.

1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಬಾಲೇವಾಡಿಯಲ್ಲಿ ಶಿವ ಛತ್ರಪತಿ ಕ್ರೀಡಾ ಸಂಕುಲ ಎದ್ದಿತು. ಆಗ ಅದು ಊರ ಹೊರಗಿನ ಬಯಲು. 2007ರಲ್ಲಿ ಅಶೋಕ್ ಪಿರಾಮಲ್ ಗುಂಪು ಪುಣೆ ಫುಟ್‌ಬಾಲ್ ಕ್ಲಬ್ ಕಟ್ಟಿತು. ತಂಡ 2009-10ರ ಐ-ಲೀಗ್‌ನಲ್ಲಿ ಮೂರನೆಯ ಸ್ಥಾನ, 2012-13ರಲ್ಲಿ ಎರಡನೆಯ ಸ್ಥಾನ ಪಡೆಯಿತು. 2011ರಲ್ಲಿ ದೇಹೂರೋಡ್ ಹತ್ತಿರದ ಮಾಮುರ್ಡಿಯಲ್ಲಿ ಮಕ್ಕಳು ಅಲ್ಲೇ ಉಳಿದು ಕಲಿಯುವ ಅಕಾಡೆಮಿ ತೆರೆಯಿತು. ಕೇರಳದ ಮಲಪ್ಪುರಂನಿಂದ ಬಂದ ಆಶಿಕ್ ಕುರುಣಿಯನ್ ಅಲ್ಲಿ ಕಲಿತವರೇ. ಮುಂದೆ ಸ್ಪೇನಿನ ವಿಯಾರಿಯಲ್ ಕ್ಲಬ್ಬಿಗೆ ಹೋಗಿ ಬಂದರು, ಬೆಂಗಳೂರು ಎಫ್‌ಸಿಗೂ ಆಡಿದರು, ದೇಶಕ್ಕೂ ಆಡಿದರು. ಅಂದರೆ ಒಳ್ಳೆಯ ಕೆಲಸ ನಡೆದಿತ್ತು, ಸಂಶಯ ಬೇಡ.

ಅದೇ ಸಮಯದಲ್ಲಿ ಡಿಎಸ್‌ಕೆ ಶಿವಾಜಿಯನ್ಸ್ ಎಂಬ ತಂಡ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಹೆಸರಿನ ಜೊತೆ ಅಕಾಡೆಮಿ ನಡೆಸಿತು. 2014ರಲ್ಲಿ ಐಎಸ್‌ಎಲ್ ಬಂತು, ಎಫ್‌ಸಿ ಪುಣೆ ಸಿಟಿ ಬಂತು, ಸಿನಿಮಾ ನಟರು ಬಂದರು. ಅದೇ ವರ್ಷ ಕಲ್ಯಾಣಿ ಗುಂಪಿನ ಭಾರತ್ ಎಫ್‌ಸಿ ಹುಟ್ಟಿತು. ಒಂದೇ ಊರಿನಲ್ಲಿ ನಾಲ್ಕು ತಂಡ! ಆಗ ಇಲ್ಲಿದ್ದವರಿಗೆ ಪುಣೆ ಇನ್ನೊಂದು ಕೊಲ್ಕತ್ತಾ ಆಗುತ್ತದೆ ಅನ್ನಿಸಿತ್ತು.

ಆಮೇಲೆ? ಭಾರತ್ ಎಫ್‌ಸಿ ಒಂದೇ ಸೀಸನ್ ಆಡಿ 2015ರಲ್ಲಿ ಮುಚ್ಚಿತು. ಅದೇ 2015ರಲ್ಲಿ ಪುಣೆ ಎಫ್‌ಸಿಯೂ ನಿಂತಿತು. ಅದರ ಅಕಾಡೆಮಿಯನ್ನು ಎಫ್‌ಸಿ ಪುಣೆ ಸಿಟಿ ತೆಗೆದುಕೊಂಡಿತು. 2015-16ರಲ್ಲಿ ಐ-ಲೀಗ್‌ಗೆ ಬಂದ ಡಿಎಸ್‌ಕೆ ಶಿವಾಜಿಯನ್ಸ್ ಎರಡು ಸೀಸನ್ ಆಡಿ 2017ರಲ್ಲಿ ಹೊರಬಿತ್ತು. ಮಾಲೀಕ ಗುಂಪೇ ಹಣಕಾಸಿನ ಬಿಕ್ಕಟ್ಟಿನಲ್ಲಿತ್ತು. 2019ರಲ್ಲಿ ಎಫ್‌ಸಿ ಪುಣೆ ಸಿಟಿಯೂ ಮುಚ್ಚಿ, ಅದರ ಜಾಗ ಹೈದರಾಬಾದಿನ ತಂಡಕ್ಕೆ ಹೋಯಿತು. 2007ರಿಂದ 2019, ಹನ್ನೆರಡು ವರ್ಷ, ನಾಲ್ಕು ತಂಡ, ನಾಲ್ಕೂ ಸೊನ್ನೆ.

ಬ್ಯಾಂಕಿನವನಾಗಿ ನನಗೆ ಈ ಪಟ್ಟಿ ಹೊಸದಲ್ಲ. ಕರಾವಳಿಯಲ್ಲಿ ಹುಟ್ಟಿದ, ದಶಕಗಳ ಹೆಸರುಳ್ಳ ನಮ್ಮ ಬ್ಯಾಂಕುಗಳೇ ವಿಲೀನವಾಗಿ ಹೋದವು. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ. ಆದರೆ ಬ್ಯಾಂಕು ಹೋದರೆ ಠೇವಣಿ ಇನ್ನೊಂದು ಬ್ಯಾಂಕಿಗೆ ಹೋಗುತ್ತದೆ, ಪಾಸ್‌ಬುಕ್ಕಿನ ಮೇಲಿನ ಹೆಸರು ಬದಲಾಗುತ್ತದೆ, ಅಷ್ಟೇ. ಅಕಾಡೆಮಿ ಮುಚ್ಚಿದರೆ ಹದಿನಾಲ್ಕು ವರ್ಷದ ಹುಡುಗನ ಎರಡು ವರ್ಷ ಯಾವ ಖಾತೆಗೆ ಜಮಾ ಆಗುತ್ತದೆ? ಶಾಲೆ ಬದಲಿಸಿ ಬಂದಿದ್ದಾನೆ, ಊರು ಬಿಟ್ಟು ಬಂದಿದ್ದಾನೆ. ಮೊದಲ ತಂಡ ಇಲ್ಲದ ಅಕಾಡೆಮಿ ಅಂದರೆ ಮೇಲಿನ ಮೆಟ್ಟಿಲು ಇಲ್ಲದ ಏಣಿ. ಆದ್ದರಿಂದ ತರಬೇತಿಯ ಗುಣಮಟ್ಟ ಅಂದಾಗ ಬರೀ ಮೈದಾನದೊಳಗೆ ನೋಡಿದರೆ ಸಾಲದು; ಇದನ್ನು ನಡೆಸುವ ದುಡ್ಡು ಎಲ್ಲಿಂದ ಬರುತ್ತದೆ, ಎಷ್ಟು ದಿನ ಬರುತ್ತದೆ ಎಂಬುದನ್ನೂ ನೋಡಬೇಕು. 2025ರ ಆಗಸ್ಟ್‌ನಲ್ಲಿ ಐಎಸ್‌ಎಲ್‌ನ ಭವಿಷ್ಯವೇ ಅತಂತ್ರವಾದಾಗ ನಮ್ಮ ಬೆಂಗಳೂರು ಎಫ್‌ಸಿ ಮೊದಲ ತಂಡದ ಸಂಬಳ ತಡೆಹಿಡಿಯಿತು, ಆದರೆ ಕಿರಿಯರ ತರಬೇತಿಗೆ ತೊಂದರೆ ಇಲ್ಲ ಎಂದು ಹೇಳಿತು. ಆ ಎರಡನೆಯ ಮಾತನ್ನು ಎಷ್ಟು ಪೋಷಕರು ಗಮನಿಸಿದರೋ ಗೊತ್ತಿಲ್ಲ. ನಾನಂತೂ ಮೊದಲು ಓದಿದ್ದು ಅದನ್ನೇ.

*

ನಿವೃತ್ತಿಯಾದ ಎರಡನೆಯ ವರ್ಷ ವಿಜಯಪುರದ ಕಡೆಯ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು. ಮೊಮ್ಮಗ ಹದಿಮೂರು ವರ್ಷದವನು, ಎಡಗಾಲಿನ ಆಟಗಾರ, ಚುರುಕು. ಪುಣೆಯ ಒಂದು ವಸತಿ ಅಕಾಡೆಮಿಯಲ್ಲಿ ಆಯ್ಕೆಯಾಗಿದ್ದಾನೆ. ವರ್ಷಕ್ಕೆ ಲಕ್ಷಗಳ ಲೆಕ್ಕ. "ಎಫ್‌ಡಿ ಮುರೀಬೇಕು ಅಂತ ಮಾಡೀವಿ. ನೀ ಅಲ್ಲೇ ಇದ್ದೀ, ಒಂದ್ ಸಲ ನೋಡಿ ಬಾ. ಸಾಲ ಕೊಡೋ ಮೊದ್ಲು ಗೋಡೌನ್ ನೋಡ್ತಿದ್ವಲ್ಲ, ಹಂಗ." ಹುಡುಗನ ತಾಯಿ ಫೋನ್ ಕಸಿದುಕೊಂಡು, "ಕಾಕಾ, ಊಟ ಏನ್ ಕೊಡ್ತಾರ ಅಂತಾನೂ ಕೇಳ್ರಿ" ಅಂದಳು.

ಗೋಡೌನ್ ಇನ್‌ಸ್ಪೆಕ್ಷನ್‌ಗೆ ಒಂದು ನಿಯಮವಿದೆ. ಹೇಳಿ ಹೋಗಬಾರದು, ಒಂದೇ ಸಲ ಹೋಗಬಾರದು, ಮುಂದಿನ ಸಾಲಿನ ಮೂಟೆ ನೋಡಿ ಬರಬಾರದು. ನಾನು ನಾಲ್ಕು ದಿನ ಹೋದೆ. ಎರಡು ಬೆಳಗ್ಗೆ, ಎರಡು ಸಂಜೆ.

ಮೊದಲ ದಿನ ಎಲ್ಲವೂ ಚೆಂದ ಕಂಡಿತು. ಕೋನು, ಏಣಿ, ಬಣ್ಣದ ಬನಿಯನ್. ಕೋಚು ಗಟ್ಟಿ ದನಿಯ ಮನುಷ್ಯ. ಹೊರಗೆ ಕೂತ ಅಪ್ಪ-ಅಮ್ಮಂದಿರಿಗೆ ಅವನ ಕೂಗಾಟ ಬಹಳ ಹಿಡಿಸಿತ್ತು. "ಶಿಸ್ತು ಅಂದರೆ ಶಿಸ್ತು" ಅಂತ ಒಬ್ಬರು ಮೆಚ್ಚಿದರು. ಎರಡನೆಯ ದಿನ ನಾನು ಗಡಿಯಾರ ಹಿಡಿದು ಕೂತೆ. ಇಪ್ಪತ್ತು ಮಕ್ಕಳು ಒಂದೇ ಸಾಲಿನಲ್ಲಿ ನಿಂತು ಒಬ್ಬೊಬ್ಬರಾಗಿ ಗೋಲಿಗೆ ಹೊಡೆಯುತ್ತಿದ್ದರು. ಒಬ್ಬನಿಗೆ ಹದಿನೈದು ಸೆಕೆಂಡು. ಅಂದರೆ ಒಂದು ಸುತ್ತಿಗೆ ಐದು ನಿಮಿಷ, ಅರ್ಧ ತಾಸಿನಲ್ಲಿ ಒಬ್ಬ ಹುಡುಗನ ಕಾಲಿಗೆ ಚೆಂಡು ಬಂದದ್ದು ಆರು ಸಲ. ಉಳಿದ ಹೊತ್ತು ಅವನು ಸಾಲಿನಲ್ಲಿ ನಿಂತ ಗಿರಾಕಿ. ರೇಷನ್ ಅಂಗಡಿಯಲ್ಲಿ ನಿಂತರೂ ಅಷ್ಟೇ ಫುಟ್‌ಬಾಲ್ ಬರುತ್ತಿತ್ತು.

ಪಕ್ಕದ ಮೈದಾನದಲ್ಲಿ ಬೇರೆ ಒಬ್ಬ ತರುಣ ಕೋಚು ಸಣ್ಣ ಮಕ್ಕಳನ್ನು ನಾಲ್ಕು-ನಾಲ್ಕು ಜನರ ಗುಂಪು ಮಾಡಿ, ಪುಟ್ಟ ಅಂಗಳದಲ್ಲಿ ಆಡಲು ಬಿಟ್ಟಿದ್ದ. ಗದ್ದಲವೋ ಗದ್ದಲ. ನೋಡಲು ಏನೂ ಶಿಸ್ತಿಲ್ಲ. ಆದರೆ ಅದೇ ಅರ್ಧ ತಾಸಿನಲ್ಲಿ ನಾನು ಕಣ್ಣಿಟ್ಟ ಹುಡುಗಿಯೊಬ್ಬಳ ಕಾಲಿಗೆ ಚೆಂಡು ಎಷ್ಟು ಸಲ ಬಂತೆಂದರೆ ಎಣಿಸಿ ಎಣಿಸಿ ಅರವತ್ತಕ್ಕೆ ಬಿಟ್ಟುಬಿಟ್ಟೆ. ಆ ಕೋಚು ಕೂಗುತ್ತಿರಲಿಲ್ಲ. ಆಟ ನಿಲ್ಲಿಸಿ ಒಮ್ಮೆ ಕೇಳಿದ: "ಚೆಂಡು ಬರೋ ಮೊದಲು ನೀನು ಯಾರನ್ನು ನೋಡಿದೆ?" ಹುಡುಗಿ ಯೋಚಿಸಿ "ಯಾರನ್ನೂ ಇಲ್ಲ" ಅಂದಳು. "ಹಾಗಾದರೆ ಮುಂದಿನ ಸಲ?" ಅಂದು ಮತ್ತೆ ಆಟ ಬಿಟ್ಟ. ನನಗೆ ಫುಟ್‌ಬಾಲ್ ಗೊತ್ತಿಲ್ಲ, ಆದರೆ ಪಾಠ ಯಾವುದು, ಜೋರು ಯಾವುದು ಅಂತ ಗೊತ್ತಾಗುತ್ತದೆ.

ಇದು ಆ ಹುಡುಗನೊಬ್ಬನ ಬುದ್ಧಿಯೇನಲ್ಲ. ಜಗತ್ತಿನಾದ್ಯಂತ ಸಣ್ಣ ಮಕ್ಕಳನ್ನು ಹನ್ನೊಂದು ಜನರ ಆಟಕ್ಕೆ ಇಳಿಸುವುದನ್ನು ಬಿಟ್ಟು ಐದು, ಏಳು, ಒಂಬತ್ತು ಜನರ ಆಟ ಆಡಿಸುತ್ತಾರೆ. ಚೆಂಡೂ ವಯಸ್ಸಿಗೆ ತಕ್ಕದ್ದು: ಎಂಟರ ಒಳಗಿನವರಿಗೆ 3ನೆಯ ಸೈಜು, ಹನ್ನೆರಡರವರೆಗೆ 4, ಆಮೇಲೆ 5. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿ ಹತ್ತು ವರ್ಷದ ಒಳಗಿನ ಮಕ್ಕಳು ತಲೆಯಿಂದ ಚೆಂಡು ಹೊಡೆಯುವುದನ್ನೇ ನಿಲ್ಲಿಸಿತು. ನಮ್ಮ ರಾಷ್ಟ್ರೀಯ ಫೆಡರೇಷನ್ 2018ರಲ್ಲಿ ಬೇಬಿ ಲೀಗ್ ಅಂತ, 2023ರಲ್ಲಿ ಬ್ಲೂ ಕಬ್ಸ್ ಅಂತ ಸಣ್ಣವರ ಆಟಕ್ಕೆ ಕಾರ್ಯಕ್ರಮ ತಂದಿತು. ಅಕಾಡೆಮಿಗಳಿಗೆ ನಕ್ಷತ್ರದ ದರ್ಜೆ ಕೊಟ್ಟು ಮಾನ್ಯತೆ ಕೊಡುವ ಪದ್ಧತಿಯೂ ಇದೆ. ಆದರೆ ಹೋಟೆಲಿನ ನಕ್ಷತ್ರ ನೋಡಿ ಇಡ್ಲಿ ಹೇಗಿದೆ ಅಂತ ಹೇಳಲಾಗುವುದಿಲ್ಲ. ಪುಣೆಯ ಉಡುಪಿ ಹೋಟೆಲುಗಳ ಬಾಗಿಲಲ್ಲಿ ದಶಕಗಳಿಂದ ಸಾಲು ನಿಂತ ಜನ ನಕ್ಷತ್ರ ಎಣಿಸಿದವರಲ್ಲ.

*

ಮೂರನೆಯ, ನಾಲ್ಕನೆಯ ದಿನ ನಾನು ಆಫೀಸಿನವರ ಜೊತೆ ಮಾತಾಡಿದೆ. ಅಲ್ಲಿ ಕೇಳಿದ್ದನ್ನು ಈಗ ಕೇಳುವವರಿಗೆಲ್ಲ ಹೇಳುತ್ತೇನೆ. ಸಾಲದ ಅರ್ಜಿಗೆ ಚೆಕ್‌ಲಿಸ್ಟ್ ಇದ್ದಹಾಗೆ ಅಂದುಕೊಳ್ಳಿ.

ಮೊದಲನೆಯದು ಕೋಚು ಯಾರು. ಫೆಡರೇಷನ್‌ನ ಲೈಸೆನ್ಸುಗಳು ಡಿ ಯಿಂದ ಶುರುವಾಗಿ ಸಿ, ಬಿ, ಎ, ಪ್ರೋ ವರೆಗೆ ಏರುತ್ತವೆ. ಡಿ ಅಂದರೆ ಕೆಲವೇ ದಿನಗಳ ಕೋರ್ಸು, ಮೊದಲ ಮೆಟ್ಟಿಲು. ಅದು ತಪ್ಪಲ್ಲ, ಆದರೆ ಗೋಡೆಯ ಮೇಲೆ ಎ ಲೈಸೆನ್ಸಿನವನ ಫೋಟೋ ಇದ್ದು, ನಿಮ್ಮ ಮಗುವಿನ ಜೊತೆ ದಿನವೂ ನಿಲ್ಲುವವನಿಗೆ ಯಾವ ಕಾಗದವೂ ಇಲ್ಲದಿದ್ದರೆ ಆ ಫೋಟೋಕ್ಕೆ ಬೆಲೆಯಿಲ್ಲ. ವಿದೇಶಿ ಕ್ಲಬ್ಬಿನ ಲಾಂಛನ ಕಂಡರೂ ಇದೇ ಮಾತು: ಅಲ್ಲಿನ ಜನ ವರ್ಷದಲ್ಲಿ ಎಷ್ಟು ದಿನ ಇಲ್ಲಿರುತ್ತಾರೆ ಅಂತ ಕೇಳಬೇಕು.

ಎರಡನೆಯದು ಕಪ್ಪುಗಳು. ಹತ್ತು ವರ್ಷದ ಮಕ್ಕಳ ತಂಡ ಹದಿನೈದು ಕಪ್ಪು ಗೆದ್ದಿದೆ ಎಂದರೆ ಪೋಷಕರು ಹಿಗ್ಗುತ್ತಾರೆ. ಆ ವಯಸ್ಸಿನಲ್ಲಿ ಗೆಲ್ಲಲು ಸುಲಭದ ದಾರಿ ಅಂದರೆ ಎತ್ತರದ, ಬಲದ ಹುಡುಗರನ್ನು ಆರಿಸುವುದು. ಫುಟ್‌ಬಾಲಿನ ವಯೋಮಿತಿ ಜನವರಿ 1ರಿಂದ ಲೆಕ್ಕ. ಜನವರಿಯಲ್ಲಿ ಹುಟ್ಟಿದವನು ಡಿಸೆಂಬರ್‌ನಲ್ಲಿ ಹುಟ್ಟಿದವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು, ಆದರೂ ಒಂದೇ ಗುಂಪು. ಜಗತ್ತಿನ ಬಹಳಷ್ಟು ಅಕಾಡೆಮಿಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ತುಂಬಿರುತ್ತಾರೆ ಎಂದು ತಿಳಿದವರು ತೋರಿಸಿದ್ದಾರೆ. ಆದ್ದರಿಂದ ನಾನು ಕೇಳಿದ್ದು ಕಪ್ಪಿನ ಲೆಕ್ಕವಲ್ಲ. "ನಿಮ್ಮಲ್ಲಿ ಸಣ್ಣ ಆಕಾರದ ಹುಡುಗರು ಎಷ್ಟು ಜನ ಇದ್ದಾರೆ? ಮ್ಯಾಚಿನಲ್ಲಿ ಅವರಿಗೆ ಎಷ್ಟು ನಿಮಿಷ ಸಿಗುತ್ತದೆ?" ಆಫೀಸಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಮೂರನೆಯದು, ಮೂರು ವರ್ಷದ ಹಿಂದೆ ಸೇರಿದವರು ಈಗ ಎಲ್ಲಿದ್ದಾರೆ. ಬ್ಯಾಂಕಿನಲ್ಲಿ ಹೊಸ ಠೇವಣಿ ಎಷ್ಟು ಬಂತು ಎನ್ನುವುದಕ್ಕಿಂತ ಹಳೆಯ ಗಿರಾಕಿ ಎಷ್ಟು ಜನ ಉಳಿದರು ಎನ್ನುವುದು ಶಾಖೆಯ ಆರೋಗ್ಯ ಹೇಳುತ್ತದೆ. ಒಬ್ಬ ಹುಡುಗ ರಾಷ್ಟ್ರೀಯ ತಂಡಕ್ಕೆ ಹೋದದ್ದನ್ನು ಎಲ್ಲರೂ ಬೋರ್ಡಿಗೆ ಬರೆಯುತ್ತಾರೆ. ಉಳಿದ ನಲವತ್ತು ಜನ ಹತ್ತನೆಯ ಕ್ಲಾಸು ಪಾಸಾದರೇ, ಮೊಣಕಾಲು ನೆಟ್ಟಗಿದೆಯೇ, ಇನ್ನೂ ಆಟದ ಆಸೆ ಉಳಿದಿದೆಯೇ?

ನಾಲ್ಕನೆಯದು ಕಾವಲು. ವಸತಿಯಲ್ಲಿ ರಾತ್ರಿ ಯಾರಿರುತ್ತಾರೆ, ಹುಡುಗಿಯರಿಗೆ ಹೆಂಗಸು ವಾರ್ಡನ್ ಇದ್ದಾರೆಯೇ, ಗಾಯವಾದರೆ ಯಾವ ಆಸ್ಪತ್ರೆ, ದೂರು ಕೊಡಬೇಕಾದರೆ ಮಗು ಯಾರಿಗೆ ಹೇಳಬೇಕು. 2012ರಲ್ಲಿ ಪೋಕ್ಸೋ ಕಾಯ್ದೆ ಬಂದಿದೆ; ಮಕ್ಕಳನ್ನು ಇಟ್ಟುಕೊಳ್ಳುವ ಯಾವ ಸಂಸ್ಥೆಯೂ ಈ ಪ್ರಶ್ನೆಗೆ ಮುಖ ಸಿಂಡರಿಸಬಾರದು. ಸಿಂಡರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಐದನೆಯದು ದುಡ್ಡು. ಇಡೀ ವರ್ಷದ ಫೀಸು ಒಮ್ಮೆಗೇ ಯಾಕೆ? ನಡುವೆ ಬಿಟ್ಟರೆ, ಇಲ್ಲವೇ ನಡುವೆ ಅವರೇ ಮುಚ್ಚಿದರೆ, ವಾಪಸ್ ಎಷ್ಟು? ಅದು ಕಾಗದದ ಮೇಲೆ ಇದೆಯೇ? ನನಗೆ ಸಿಕ್ಕ ಉತ್ತರ: "ಸರ್, ಇದುವರೆಗೂ ಯಾರೂ ಹೀಗೆ ಕೇಳಿಲ್ಲ." ಅದನ್ನು ಹಾಗೇ ಬರೆದುಕೊಂಡೆ. ಊಟ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಮೊಟ್ಟೆ, ಬೇಳೆ, ಚಪಾತಿ, ಹಣ್ಣು. ಜೋಳದ ರೊಟ್ಟಿ ಇಲ್ಲ.

ಎರಡು ಪುಟದ ರಿಪೋರ್ಟು ಬರೆದು ಕಳಿಸಿದೆ. ಕೊನೆಯಲ್ಲಿ ಶಿಫಾರಸು ಬರೆಯಲಿಲ್ಲ. ಸಾಲ ಮಂಜೂರು ಮಾಡುವವರು ಅವರು. ಮನೆಯವರು ಮೂರು ದಿನ ಕೂತು ಮಾತಾಡಿ ಎಫ್‌ಡಿ ಮುರಿಯಲಿಲ್ಲ. ಹುಡುಗ ಎರಡು ದಿನ ಊಟ ಬಿಟ್ಟ. ಹತ್ತನೆಯ ಕ್ಲಾಸಿನವರೆಗೆ ಊರಲ್ಲೇ ಆಡಿದ, ಬೇಸಿಗೆ ರಜೆಯಲ್ಲಿ ಕ್ಯಾಂಪಿಗೆ ಹೋದ, ಈಗ ಕಾಲೇಜು ತಂಡದಲ್ಲಿದ್ದಾನೆ. ಮದುವೆಯೊಂದರಲ್ಲಿ ಸಿಕ್ಕಾಗ ಕಾಲಿಗೆ ನಮಸ್ಕಾರ ಮಾಡಿ, "ಅಜ್ಜಾರ, ನೀವು ಆ ರಿಪೋರ್ಟ್ ಬರೀಲಿಲ್ಲ ಅಂದಿದ್ರ ನಾ ಎಲ್ಲಿರ್ತಿದ್ನೋ ಏನೋ" ಅಂದ. ಅದು ಕೃತಜ್ಞತೆಯೋ ದೂರೋ ತಿಳಿಯಲಿಲ್ಲ. ಎರಡೂ ಇರಬಹುದು. ಊರು ಬಿಟ್ಟು ಹೋಗಿ ಬೆಳೆದವರೂ ಇದ್ದಾರೆ. 2017ರ ಹದಿನೇಳರ ಒಳಗಿನವರ ವಿಶ್ವಕಪ್ ತಂಡದಲ್ಲಿದ್ದ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಕಲಿತದ್ದು ದೂರದ ಚಂಡೀಗಢದ ಅಕಾಡೆಮಿಯಲ್ಲಿ. ಅದನ್ನೂ ನಾನು ರಿಪೋರ್ಟಿನಲ್ಲಿ ಬರೆದಿದ್ದೆ.

*

ಪರಊರಿನಲ್ಲಿ ನೆಲೆಸಿದ ನಮ್ಮಂಥವರಿಗೆ ಈ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮುಂಚೆ ಪುಣೆಗೆ ಬಂದ ಕನ್ನಡಿಗರು ಮಕ್ಕಳಿಗಾಗಿ ಮೊದಲು ಕಟ್ಟಿದ್ದು ಶಾಲೆ. ಕನ್ನಡ ಸಂಘದವರ ಡಾ. ಕಲ್ಮಾಡಿ ಶಾಮರಾವ್ ಶಾಲೆಯ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಮೇಷ್ಟರು ಹೇಗೆ ಕಲಿಸುತ್ತಾರೆ ಅಂತ ವಿಚಾರಿಸಲು ನಮಗೆ ನಮ್ಮವರಿದ್ದರು, ನಮ್ಮ ಭಾಷೆಯಿತ್ತು. ಮೈದಾನದಲ್ಲಿ ಹಾಗಿಲ್ಲ. ಕೋಚು ಮರಾಠಿ-ಹಿಂದಿ ಬೆರೆಸಿ ಮಾತಾಡುತ್ತಾನೆ, ಮ್ಯಾನೇಜರು ಇಂಗ್ಲಿಷಿನಲ್ಲಿ. ಹೊಸದಾಗಿ ಬಂದ ಅಪ್ಪ ಸಂಕೋಚದಿಂದ ಸುಮ್ಮನಿರುತ್ತಾನೆ. ಅಜ್ಜ-ಅಜ್ಜಿ ಊರಲ್ಲಿ, ಪರಿಚಯದವರು ಯಾರೂ ಇಲ್ಲ. ಆಗ ಉಳಿಯುವುದು ಬೋರ್ಡು, ಜೆರ್ಸಿ, ಫೀಸು. ಫೀಸು ಹೆಚ್ಚಿದ್ದರೆ ಕಲಿಕೆಯೂ ಹೆಚ್ಚಿದ್ದೀತು ಎನ್ನುವ ನಂಬಿಕೆ ಪರಊರಿನಲ್ಲಿ ಬೇಗ ಹುಟ್ಟುತ್ತದೆ.

ಆದರೆ ಮಗು ಹೇಳುತ್ತದೆ, ಕೇಳುವವರು ಬೇಕು. ಮನೆಗೆ ಬಂದ ಮಗುವಿಗೆ "ಗೆದ್ದಿಯಾ?" ಅಂತ ಕೇಳುವ ಬದಲು "ಇವತ್ತು ಏನು ಹೊಸದು ಮಾಡಿದಿ?" ಅಂತ ಕನ್ನಡದಲ್ಲಿ ಕೇಳಿ ನೋಡಿ. ಮೂರು ವಾರ ಸತತವಾಗಿ "ಏನಿಲ್ಲ, ಓಡಿದ್ವಿ" ಅಂದರೆ ಅದು ರಿಪೋರ್ಟು. ಅಡುಗೆಮನೆಯಲ್ಲಿ ಎರಡು ಲೋಟ ಸರಿಸಿ, ಒಂದು ನಿಂಬೆಹಣ್ಣು ಇಟ್ಟು, "ನೋಡು, ಇವನು ಇಲ್ಲಿ ಬಂದ, ನಾ ಹಿಂಗ ತಿರುಗಿದೆ" ಅಂತ ತೋರಿಸಿದರೆ ಅದೂ ರಿಪೋರ್ಟು.

ಕರ್ನಾಟಕ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಐವತ್ತನಾಲ್ಕು ವರ್ಷದ ನಂತರ ಸಂತೋಷ್ ಟ್ರೋಫಿ ತಂದಿತು. ಪುಣೆಯಲ್ಲಿ 2019ರ ನಂತರ ಐಎಸ್‌ಎಲ್ ತಂಡವಿಲ್ಲ, ಆದರೆ ಭಾನುವಾರ ಬೆಳಗ್ಗೆ ಆರಕ್ಕೆ ಮೈದಾನಗಳು ತುಂಬಿರುತ್ತವೆ. ಮಗುವನ್ನು ಇಲ್ಲಿಗೆ ಕಳಿಸುವ ಯೋಚನೆ ಊರಿನಲ್ಲಿ ಯಾರಿಗಾದರೂ ಇದ್ದರೆ ನನ್ನದೊಂದೇ ಮಾತು. ರಾತ್ರಿ ಬಸ್ಸು ಹತ್ತಿ ಬನ್ನಿ, ಒಂದು ವಾರ ಉಳಿಯಿರಿ, ಹೇಳದೆ ಹೋಗಿ ಬಲೆಯ ಹೊರಗೆ ನಿಲ್ಲಿ. ಸಂಬಂಧಿಕರು ಇಲ್ಲದಿದ್ದರೆ ಕನ್ನಡ ಸಂಘದಲ್ಲಿ ವಿಚಾರಿಸಿ, ಯಾರಾದರೂ ಜೊತೆಗೆ ಬರುತ್ತಾರೆ. ಗಡಿಯಾರ ಮಾತ್ರ ನೀವೇ ತನ್ನಿ.